ಗಿಟಾರಿಗೆ ಷರೀಫರು, ಗಣೆಗೆ ಯಾರು?

ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತ ಹುಡುಗ ರಘು ದೀಕ್ಷಿತ್. ಗಿಟಾರು ಹಿಡಿದದ್ದು ಕಾಲೇಜು ಗೆಳೆಯನ ಜೊತೆ ಪಂಥ ಕಟ್ಟಿ. ವರ್ಷಗಟ್ಟಲೆ ಯಾವ ಕಂಪನಿಯೂ ಕೈಹಿಡಿಯಲಿಲ್ಲ. ಕೊನೆಗೆ 2008ರಲ್ಲಿ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ರಘುವಿನ ಮೊದಲ ಆಲ್ಬಂ ತಂದರು. ಎರಡೇ ವರ್ಷಕ್ಕೆ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, ಆಮೇಲೆ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವ. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಬಾಯಲ್ಲಿ ಶಿಶುನಾಳ ಷರೀಫರ ಪದ. ಅದೂ ಕನ್ನಡದಲ್ಲೇ! ರಾಕ್ ಬೆರೆಸಿದರೂ ಪದದ ಕಸುವು ಕುಂದಲಿಲ್ಲ. ಇದನ್ನು ನಾನು ದೊಡ್ಡ ಸಾಧನೆ ಅಂತಲೇ ಎಣಿಸುತ್ತೇನೆ.

ಅಂಥದ್ದೇ ಕಸುವಿನ ಹಾಡು ನಮ್ಮಲ್ಲೂ ಇದೆ. ನಮ್ಮ ಹಿರಿಯೂರು ಸೀಮೆಯ ಪಶುಪಾಲಕ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಇದೆ. ಉದ್ದನೆಯ ಬಿದಿರ ಕೊಳಲು. ಅದರ ನಾದದ ಜೊತೆ ತಮ್ಮ ದೈವ ಜುಂಜಪ್ಪನ ಕಾವ್ಯ ಹಾಡುತ್ತಾರೆ. ಊದುವವರ ಉಸಿರೂ ಆ ನಾದದಲ್ಲಿ ಬೆರೆತು ಕೇಳಿಸುತ್ತದೆ. ಆ ಸದ್ದಿಗೆ ಬೇಸ್ ಗಿಟಾರ್ ಜೊತೆಯಾದರೆ ಹೇಗಿರಬಹುದು ಅಂತ ಎಷ್ಟೋ ಸಲ ಅನಿಸಿದೆ. ಈಗ ಲ್ಯಾಪ್‌ಟಾಪು, ಒಂದು ಮೈಕು ಇದ್ದರೆ ಹೊಸದುರ್ಗದ ಕೋಣೆಯಲ್ಲೇ ಹಾಡು ಮಾಡಿ ಯೂಟ್ಯೂಬಿಗೆ ಹಾಕಬಹುದು. ಹೊಳಲ್ಕೆರೆಯಲ್ಲೋ ಚಿತ್ರದುರ್ಗದಲ್ಲೋ ಹಾಗೆ ಮಾಡುವ ಹುಡುಗ, ಹುಡುಗಿಯರಿದ್ದರೆ ದಯವಿಟ್ಟು ಮೊದಲು ಹಟ್ಟಿಗೆ ಹೋಗಿ, ಹಿರಿಯರನ್ನು ಕೇಳಿ, ಕೂತು ಕಲಿಯಿರಿ. ಹಾಡಿನ ಕೆಳಗೆ ಅವರ ಹೆಸರನ್ನೂ ಹಾಕಿ, ಬಂದ ದುಡ್ಡಲ್ಲಿ ಪಾಲನ್ನೂ ಕೊಡಿ.