ರಾಗಿ ಕಾಯುವ ಸೀಮೆಯಲ್ಲಿ

ಹೊಸೂರಿನಿಂದ ತಳಿಗೆ ಹೊರಟ ಬಸ್ಸಿನ ಬೋರ್ಡು ತಮಿಳಿನಲ್ಲಿತ್ತು, ಒಳಗೆ ಸೀಟಿನ ಜಗಳ ಕನ್ನಡದಲ್ಲಿ ನಡೆದಿತ್ತು. ಆನೇಕಲ್ ಕಡೆಯ ಗಡಿಗೆ ಅಂಟಿಕೊಂಡಿರುವ ತಳಿಯನ್ನು ಅದರ ತಂಪು ಹವೆಗಾಗಿ ‘ಲಿಟಲ್ ಇಂಗ್ಲೆಂಡ್’ ಅನ್ನುವುದುಂಟು. ಅಲ್ಲಿಂದ ಜವಳಗಿರಿ ಕಾಡಿನ ಕಡೆಗೆ ನಮ್ಮ ಸೋದರಮಾವನ ಹೊಲ. ರಾಗಿ ಕೊಯ್ಲಿಗೆ ಆಳು ಸಿಗುತ್ತಿಲ್ಲವೆಂದು ಫೋನು ಬಂದಿತ್ತು.

ಅತ್ತೆ ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ನಾವು ಹೊಲಕ್ಕೆ ಇಳಿದಿರಬೇಕು. ಬಿಸಿಲೇರಿದರೆ ಕಾಳು ಉದುರುತ್ತದೆ. ಎಡಗೈಯಲ್ಲಿ ಒಂದು ಹಿಡಿ ಪೈರು ಹಿಡಿದು, ಬುಡಕ್ಕೆ ಕುಡುಗೋಲು ಕೊಟ್ಟು ಎಳೆದು, ತೆನೆಗಳೆಲ್ಲ ಒಂದೇ ಕಡೆಗೆ ಬರುವಂತೆ ಅರಿ ಹಾಕುತ್ತಾ ಹೋಗಬೇಕು. ಅಕ್ಕಡಿ ಸಾಲಿನ ಅವರೆ ಗಿಡಕ್ಕೆ ಕುಡುಗೋಲು ತಾಗಿದರೆ ಅತ್ತೆಯ ಬೈಗುಳ ಖಚಿತ. ಮಧ್ಯಾಹ್ನಕ್ಕೆ ಮುದ್ದೆ, ಹಿತಕಿದ ಬೇಳೆ ಸಾರು. ಬೆರಳಿಗಂಟಿದ ಅವರೆ ಸೊಗಡು ಕೈ ತೊಳೆದರೂ ಹೋಗುವುದಿಲ್ಲ, ಹೋಗಬೇಕೆಂದು ಯಾರಿಗೂ ಇಲ್ಲ.

ಇಷ್ಟು ಹಗಲಿನ ಕೆಲಸ. ಊಟವಾದ ಮೇಲೆ ಮಾವ ಕಂಬಳಿ, ಟಾರ್ಚು, ಪಟಾಕಿ ಹಿಡಿದು ಅಟ್ಟಣೆಗೆ ಹೊರಟರೆ ಬರುವುದು ಬೆಳಗಿನ ಜಾವಕ್ಕೇ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಆನೆಗಳು ಜವಳಗಿರಿ ಕಾಡಿಗೆ ಇಳಿಯುತ್ತವೆ, ಮುಂದೆ ಹೊಸೂರಿನ ಆಚೆ ಸಾನಮಾವು, ಶೂಲಗಿರಿಯವರೆಗೂ ನಡೆಯುತ್ತವೆ. ಅರಣ್ಯ ಇಲಾಖೆಯವರು ಅಟ್ಟಿದರೆ ವಾಪಸು ಬರುವ ದಾರಿಯಲ್ಲೂ ಹೊಲಗಳೇ. ಕೊಯ್ದದ್ದು ಬಣವೆಯಾದರೂ ನೆಮ್ಮದಿಯಿಲ್ಲ, ಬಣವೆಯನ್ನೂ ಎಳೆಯುತ್ತವೆ. ಒಂದು ರಾತ್ರಿ ನಾನೂ ಅಟ್ಟಣೆ ಹತ್ತಿದೆ. ಮೇಲಿನ ಹೊಲದಿಂದ ತಮಟೆ ಕೇಳಿಸಿತು. ‘ಮೂರವೆ, ಮರಿನೂ ಐತೆ. ಟಾರ್ಚ್ ಬಿಡಬ್ಯಾಡ, ಸುಮ್ಕಿರು’ ಅಂದರು ಮಾವ. ಕತ್ತಲಲ್ಲಿ ಪೈರು ಕಿತ್ತು ಕಾಲಿಗೆ ಬಡಿದು ಮಣ್ಣು ಒದರುವ ಸದ್ದು ಮಾತ್ರ ಬರುತ್ತಿತ್ತು. ಊಟದ ವಿಷಯದಲ್ಲಿ ನನಗಿಂತ ಶುಚಿ!

ಬೆಳಿಗ್ಗೆ ನೋಡಿದರೆ ಕೆಳಗಿನ ಪಟ್ಟೆಯಲ್ಲಿ ಅಷ್ಟಗಲ ಮೈದಾನವಾಗಿತ್ತು. ಪರಿಹಾರದ ಅರ್ಜಿ ತಮಿಳಿನಲ್ಲಿ ಬರೆಯಬೇಕು. ಮಾವನಿಗೆ ತಮಿಳು ಮಾತು ಬರುತ್ತದೆ, ಅಕ್ಷರ ಬಾರದು. ಬರೆದದ್ದು ಮೊಮ್ಮಗಳು. 2006ರ ಕಾಯ್ದೆಯಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯವಾದದ್ದಕ್ಕೆ ಇಲ್ಲಿನ ಕನ್ನಡದವರಲ್ಲಿ ಅಸಮಾಧಾನವಿದೆ, ಅದು ನ್ಯಾಯವೂ ಹೌದು. ಆದರೆ ಆ ಹುಡುಗಿ ಜಗಲಿಯಲ್ಲಿ ಕೂತು, ತಾತ ಕನ್ನಡದಲ್ಲಿ ಹೇಳಿದ್ದನ್ನು ಸರಸರನೆ ತಮಿಳಿಗೆ ಇಳಿಸುತ್ತಿದ್ದರೆ ನಾನು ಬಾಯಿ ಮುಚ್ಚಿಕೊಂಡು ನೋಡಿದೆ.

ಪಕ್ಕದ ಜಮೀನಿನವರದು ಪಾಲಿಹೌಸ್ ಗುಲಾಬಿ. ಫೆಬ್ರವರಿ 14ರ ಬೇಡಿಕೆಗೆ ಲೆಕ್ಕ ಹಾಕಿ ಡಿಸೆಂಬರಿನಲ್ಲೇ ಗಿಡ ಸವರುತ್ತಾರೆ. ಮೊಗ್ಗಿಗೆ ಬಲೆಯ ಟೋಪಿ ತೊಡಿಸಿ, ಇಪ್ಪತ್ತರ ಕಟ್ಟು ಕಟ್ಟಿ ಕಳಿಸುತ್ತಾರೆ, ವಿಮಾನ ಹತ್ತಿ ಹೊರದೇಶಕ್ಕೂ ಹೋಗುತ್ತದೆ. ರಾತ್ರಿ ಕಾಯುವ ಗೋಳು ಅಷ್ಟಿಲ್ಲ. ನೀವೂ ಯಾಕೆ ಹಾಕಬಾರದು ಅಂದೆ.

‘ಹಾಕವ. ದನ ಏನ್ ತಿಂತವೆ, ಗುಲಾಬಿನಾ?’ ಅಂದರು ಮಾವ. ರಾಗಿ ಹುಲ್ಲಿಲ್ಲದಿದ್ದರೆ ಅತ್ತೆಯ ಹಾಲಿನ ದುಡ್ಡೂ ಇಲ್ಲ. ಪಾಲಿಹೌಸಿಗೆ ಬೇಕಾದ ಸಾಲದ ಮಾತು ಬೇರೆ. ಶುಕ್ರವಾರ ಒಕ್ಕುವ ಮಿಷನ್ ಬರುವುದಿತ್ತು. ಸಿವುಡು ಎತ್ತಿಕೊಡಲು ಇರ್ತೀಯಾ ಅಂತ ಅತ್ತೆ ಕೇಳಿದರು. ಬೆಂಗಳೂರಿನ ಆಫೀಸಿಗೆ ಫೋನು ಮಾಡಿ ರಜೆ ಮುಂದುವರಿಸಿಕೊಂಡೆ.