ಹರಡು

ಹಳಗನ್ನಡ ಕಾವ್ಯಗಳನ್ನು ಹತ್ತು ವರ್ಷ ಬೋಧಿಸಿದ ನನಗೆ 'ಹರಡು' ಎಂಬ ಪದದ ಅರ್ಥ ಮನದಟ್ಟಾದದ್ದು ತರಗತಿಯ ವೇದಿಕೆಯಿಂದ ಜಾರಿ ಬಿದ್ದ ದಿನ. ಪಾದವೂ ಕಾಲೂ ಕೂಡುವ ಆ ಕೀಲನ್ನು ನೋವಿಲ್ಲದಾಗ ಯಾರು ನೆನೆಯುತ್ತಾರೆ? ಉಳುಕೆಂದು ಎಣ್ಣೆ ತಿಕ್ಕಿದೆ. ಊತ ಇಳಿಯಿತು, ನೋವು ಉಳಿಯಿತು. ಆರು ತಿಂಗಳ ಬಳಿಕ ಎಂ.ಆರ್.ಐ. ಚಿತ್ರ ನೋಡಿದ ವೈದ್ಯರು, ಕೀಲಿನೊಳಗೆ ಎಲುಬನ್ನು ಹೊದೆದಿರುವ ನುಣುಪಾದ ಮೃದ್ವಸ್ಥಿಗೆ ಪೆಟ್ಟಾಗಿದೆ ಎಂದರು.

ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ರಕ್ತನಾಳಗಳೇ ಇಲ್ಲದ ಮೃದ್ವಸ್ಥಿಗೆ ಆ ಭಾಗ್ಯವಿಲ್ಲ. ಒಮ್ಮೆ ಕೆಟ್ಟರೆ ಅದು ಮರಳಿ ಬಾರದೆಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲಿಯೇ ಬರೆದಿಟ್ಟಿದ್ದರು.

ಹಾಗಾದರೆ ರಕ್ತದ ಸಾರವನ್ನೇ ಅಲ್ಲಿಗೆ ಒಯ್ದರೆ? ಪಿ.ಆರ್.ಪಿ. ಎಂಬ ಚಿಕಿತ್ಸೆಯ ಹುರುಳು ಇದು. ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗರಗರನೆ ತಿರುಗಿಸಿ, ಮೊಸರು ಕಡೆದು ಬೆಣ್ಣೆ ತೆಗೆದಂತೆ, ಪ್ಲೇಟ್‌ಲೆಟ್ ಕಣಗಳು ದಟ್ಟವಾಗಿರುವ ಹೊಂಬಣ್ಣದ ದ್ರವವನ್ನು ಬೇರ್ಪಡಿಸಿ ಕೀಲಿಗೆ ಚುಚ್ಚುತ್ತಾರೆ. ಗಾಯ ಮಾಯಲು ನೆರವಾಗುವ ಪ್ರೋಟೀನುಗಳು ಆ ಕಣಗಳಲ್ಲಿವೆ. ನನ್ನ ನೆತ್ತರೇ ನನಗೆ ಮದ್ದು! ಸಾಹಿತ್ಯದ ಮೇಷ್ಟರು ಮರುಳಾಗದಿರುವುದೆಂತು?

ನನ್ನಾಕೆ ಬಳೆಗೆಂದು ಕೂಡಿಟ್ಟ ಹಣವನ್ನು ಮೇಜಿನ ಮೇಲಿಟ್ಟಳು. "ನೀವು ಮೊದಲಿನಂತೆ ನಡೆದರೆ ಸಾಕು," ಎಂದಳು.

ವೈದ್ಯರು ಪ್ರಾಮಾಣಿಕರು. ನೆದರ್ಲೆಂಡ್ಸಿನ ಒಂದು ಪರೀಕ್ಷೆಯ ವಿಷಯ ಹೇಳಿದರು. ಹರಡಿನ ಕೀಲು ಸವೆದ 100 ಮಂದಿಯಲ್ಲಿ ಕೆಲವರಿಗೆ ಪಿ.ಆರ್.ಪಿ., ಉಳಿದವರಿಗೆ ಬರಿಯ ಉಪ್ಪುನೀರು. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಸಿರಲಿಲ್ಲ. 26 ವಾರಗಳ ಬಳಿಕ ಎರಡು ಗುಂಪುಗಳೂ ಸರಿಸುಮಾರು ಒಂದೇ ಅಳತೆಯಲ್ಲಿ ಸುಧಾರಿಸಿದ್ದವು. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ.

"ಮೇಷ್ಟ್ರೇ, ಅವರದು ಸವೆತ, ನಿಮ್ಮದು ಪೆಟ್ಟು. ಆ ಲೆಕ್ಕ ನಿಮಗೆ ಹಾಗೆಯೇ ಹೊಂದಲಾರದು. ಆದರೆ ಮೃದ್ವಸ್ಥಿ ಚಿಗುರುತ್ತದೆಂದು ನಾನು ಮಾತು ಕೊಡಲಾರೆ. ಮೂರು ತಿಂಗಳು ವ್ಯಾಯಾಮ ಮಾಡಿ, ಆಮೇಲೆ ನೋಡೋಣ."

ಹಣ ಮನೆಗೆ ಮರಳಿತು. ಕಥೆ ಕೇಳಿದ ನನ್ನಾಕೆ, "ಉಪ್ಪುನೀರಿನ ಗುಣ ನಮ್ಮಜ್ಜಿಗೂ ಗೊತ್ತಿತ್ತು," ಎಂದು ನಕ್ಕಳು. ಕಣ್ಣಂಚು ಮಾತ್ರ ಒದ್ದೆಯಾಗಿತ್ತು.

ಈಗ ದಿನವೂ ಬೆಳಿಗ್ಗೆ ಅಡಿಗೆಮನೆಯ ಬಾಗಿಲು ಹಿಡಿದು ಒಂಟಿಕಾಲಿನಲ್ಲಿ ನಿಲ್ಲುತ್ತೇನೆ. ನೋವು ಪೂರ್ತಿ ಹೋಗಿಲ್ಲ. ಆದರೆ ಹರಡು ಮೊದಲಿಗಿಂತ ಗಟ್ಟಿಯಾಗಿದೆ. ಮೂವತ್ತರವರೆಗೆ ಎಣಿಸುವ ಹೊಣೆ ನನ್ನಾಕೆಯದು. ಬೇಕೆಂದೇ ನಿಧಾನವಾಗಿ ಎಣಿಸುತ್ತಾಳೆಂದು ನನಗೆ ಗುಮಾನಿ.