ಒಂದು ವರ್ಷದ ಆಟ

ವಿಮರ್ಶಕರು ಒಪ್ಪದ ನಾಟಕಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಕನಿಕರ. ಒಳ್ಳೆಯ ನಾಟಕವನ್ನು ಹೊಗಳುವುದಕ್ಕೆ ಜನವಿರುತ್ತಾರೆ. ತೀರ ಕೆಟ್ಟದ್ದಕ್ಕೂ ಅದನ್ನು ಅಣಕಿಸಿ ನಗುವ ಜನವಿರುತ್ತಾರೆ. ನಡುವಿನದಕ್ಕೆ, ಸಪ್ಪೆಯಾದದ್ದಕ್ಕೆ, ಬುದ್ಧಿ ಹೇಳಲು ಹೊರಟು ಕತೆಯನ್ನು ಹಾದಿಯಲ್ಲಿ ಬಿಟ್ಟುಬಂದದ್ದಕ್ಕೆ ಮಾತ್ರ ದಿಕ್ಕಿಲ್ಲ. ಅಂಥ ನಾಟಕಗಳನ್ನು ಇಡೀ ಒಂದು ವರ್ಷ ಕುಳಿತು ನೋಡಿದ ಊರು ನಮ್ಮದು. ಚಿತ್ತಾಪುರ ತಾಲ್ಲೂಕಿನದು, ಜೋಳ, ತೊಗರಿ, ಮನೆಗೆಲ್ಲ ಹಾಸುಗಲ್ಲು, ಬೇಸಗೆಯಲ್ಲಿ ಆ ಕಲ್ಲಿನ ಮೇಲೆ ಕಾಲಿಡಲಾಗದ ಕಾವು. ಇಷ್ಟು ಹೇಳಿದರೆ ಊರಿನ ವರ್ಣನೆ ಮುಗಿಯಿತು.

ಬೆಂಗಳೂರಿನವರು ತಮ್ಮೂರಿನಲ್ಲಿ ಟೆಲಿವಿಷನ್ನಿನ ಮುಖ ಕಾಣುವುದಕ್ಕೆ 1981ರ ನವೆಂಬರ್ ತನಕ ಕಾಯಬೇಕಾಯಿತು. ನಮ್ಮೂರಲ್ಲಿ ಎಮ್ಮೆ ಕಾಯುವ ಹುಡುಗರು ಅದಕ್ಕೆ ಆರು ವರ್ಷ ಮೊದಲೇ ಅದನ್ನು ನೋಡಿ, ಬೇಸತ್ತು, ಮತ್ತೆ ಎಮ್ಮೆಗಳ ಹಿಂದೆ ಹೋಗಿದ್ದರು. ಇದು ಜಂಭದ ಮಾತಲ್ಲ. ನಮ್ಮನ್ನು ಆರಿಸಿದ್ದು ನಾವು ಹಿಂದುಳಿದವರೆಂಬ ಕಾರಣಕ್ಕೆ. 1975ರ ಆಗಸ್ಟ್ 1ರಂದು ಶುರುವಾದ ಉಪಗ್ರಹ ಶಿಕ್ಷಣ ಟೆಲಿವಿಷನ್ ಪ್ರಯೋಗಕ್ಕೆ ದೇಶದ ಆರು ರಾಜ್ಯಗಳಲ್ಲಿ ಸುಮಾರು 2400 ಹಳ್ಳಿಗಳನ್ನು ಗೊತ್ತುಮಾಡಿದ್ದರು. ಕರ್ನಾಟಕದ ಪಾಲಿಗೆ ಬಂದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಹಿಂದುಳಿದಿರುವುದಕ್ಕೂ ಒಮ್ಮೊಮ್ಮೆ ಬಹುಮಾನ ಸಿಗುತ್ತದೆ, ನೋಡಿ.

ಉಪಗ್ರಹ ನಮ್ಮದಲ್ಲ, ಅಮೆರಿಕದ್ದು. ಹೆಸರು ಎಟಿಎಸ್-6. ವಿಕ್ರಮ್ ಸಾರಾಭಾಯಿಯವರು ಕಂಡ ಕನಸಿಗೆ 1969ರಲ್ಲಿ ಎರಡು ದೇಶಗಳ ನಡುವೆ ಒಪ್ಪಂದವಾಗಿ, 1974ರ ಮೇ ತಿಂಗಳಲ್ಲಿ ಅದು ಮೇಲೇರಿ, ಮೊದಲು ಅಮೆರಿಕದವರ ಕೆಲಸ ಮಾಡಿ, ಆಮೇಲೆ ನಮಗಾಗಿ ಪೂರ್ವಕ್ಕೆ ಸರಿದು ಆಫ್ರಿಕದ ನೆತ್ತಿಯ ಮೇಲೆ ನಿಂತಿತು. ಸಾರಾಭಾಯಿಯವರು ಅಷ್ಟರಲ್ಲಿ, 1971ರಲ್ಲಿಯೇ, ತೀರಿಕೊಂಡಿದ್ದರು. 36,000 ಕಿಲೋಮೀಟರು ಎತ್ತರದಿಂದ ಬೀಳುವ ಚಿತ್ರವನ್ನು ಹಿಡಿಯಲು ನಮ್ಮ ಶಾಲೆಯ ಬಯಲಿನಲ್ಲಿ ಹತ್ತಡಿ ಅಗಲದ ತಂತಿಬಲೆಯ ಬುಟ್ಟಿಯೊಂದನ್ನು ಮೇಲ್ಮುಖ ಮಾಡಿ ನಿಲ್ಲಿಸಿದರು. ಕೋಳಿಗೂಡಿಗೆ ಹಾಕುವ ಬಲೆಯೇ ಅದು. ಆಕಾಶಕ್ಕೆ ಅಷ್ಟೊಂದು ಖರ್ಚು ಮಾಡಿದ ಸರಕಾರ ನೆಲದ ಮೇಲೆ ಕೋಳಿಬಲೆ ಹಾಕಿ ಉಳಿತಾಯ ಮಾಡಿತೆಂದು ಊರಲ್ಲಿ ಕೆಲವರು ನಕ್ಕರು. ನಿಜಕ್ಕೂ ಆ ಪ್ರಯೋಗದ ಜಾಣತನವೆಲ್ಲ ಅಲ್ಲಿಯೇ ಇತ್ತು. ಉಪಗ್ರಹವೇ ಬಲವಾದ ಧ್ವನಿಯಲ್ಲಿ ಮಾತಾಡಿದರೆ ಹಳ್ಳಿಯ ಕಿವಿ ಅಗ್ಗದ್ದಾದರೂ ನಡೆಯುತ್ತದೆ. ಸೆಟ್ಟು ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯಲ್ಲಿ ತಯಾರಾದದ್ದು, ಕಪ್ಪು ಬಿಳುಪು.

ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆ. ಬೆಳಗಿನ ಒಂದೂವರೆ ಗಂಟೆಯನ್ನು ನಾಲ್ಕು ಭಾಷೆಗಳಿಗೆ ಹಂಚಿದ್ದರಿಂದ ನಮಗೆ ಸಿಗುತ್ತಿದ್ದದ್ದು ಇಪ್ಪತ್ತೆರಡು ನಿಮಿಷ ಮತ್ತು ಮೇಲೊಂದು ಅರ್ಧ. ಆ ಅರ್ಧ ನಿಮಿಷವನ್ನು ನಮ್ಮ ಮಾಸ್ತರರು ಬಹಳ ಗೌರವದಿಂದ ಹೇಳುತ್ತಿದ್ದರು. ಸಂಜೆಯ ಪಾಳಿಯಲ್ಲಿ ಕನ್ನಡದ ಜತೆಗೆ ಎಲ್ಲರಿಗೂ ಸಾಮಾನ್ಯವಾದ ಅರ್ಧ ಗಂಟೆ ಹಿಂದಿ ಇರುತ್ತಿತ್ತು. ಹಿಂದಿಗೆ ನಾವೇನೂ ಹೆದರಲಿಲ್ಲ. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ. ಹಿರಿಯರು ಉರ್ದುವಿನಲ್ಲಿ ಶಾಲೆ ಕಲಿತವರು. ತೊಡಕಾದದ್ದು ಕನ್ನಡವೇ.

ತೊಡಕಿಗೆ ಕಾರಣವಿತ್ತು. ನಮ್ಮ ಪಾಲಿನ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನವರಿಗೂ ನಮಗೂ ಸೇರಿ. ಉಪಗ್ರಹ ಒಂದು ಚಿತ್ರಕ್ಕೆ ಎರಡು ಧ್ವನಿಗಳನ್ನು ಹೊತ್ತು ತರಬಲ್ಲದಾಗಿತ್ತು. ಆದ್ದರಿಂದ ತುಟಿ ಒಂದು ಮಾತಾಡಿದರೆ ಕಿವಿಗೆ ಇನ್ನೊಂದು ಕೇಳುತ್ತಿತ್ತು. ತೆರೆಯ ಮೇಲಿನ ಮುದುಕ ಬಾಯಿ ಮುಚ್ಚಿದ ಮೇಲೂ ಅವನ ಕನ್ನಡ ಎರಡು ಗಳಿಗೆ ಮುಂದುವರಿಯುತ್ತಿತ್ತು. ಆ ಕನ್ನಡವಾದರೂ ಪುಸ್ತಕದ್ದು. ನಮ್ಮ ಕಡೆಯ ಒಕ್ಕಲಿಗನೊಬ್ಬ ಹೆಂಡತಿಗೆ 'ನೀನು ಈ ವಿಷಯವನ್ನು ಆಲೋಚಿಸಿ ನೋಡು' ಎಂದರೆ ಅವಳು ಅವನಿಗೆ ಜ್ವರ ಬಂದಿದೆಯೆಂದು ಹಣೆ ಮುಟ್ಟಿ ನೋಡುವಳು.

ಕತೆಗಳೂ ಗೊತ್ತಿರುವಂಥವೇ. ಹಟಮಾರಿ ಮಾವ, ಸಿಡುಕಿನ ಅತ್ತೆ, ಸಾಲಗಾರ ಮಗ, ತಿಳಿವಳಿಕೆಯ ಸೊಸೆ. ಕೊನೆಗೆ ಒಬ್ಬ ಡಾಕ್ಟರೋ ಗ್ರಾಮಸೇವಕನೋ ಬಂದು ನಿಂತು ಸೂಜಿಯನ್ನೋ ಗೊಬ್ಬರವನ್ನೋ ಹೊಗಳಿದರೆ ಮಂಗಳ. ಪೇಟೆಯ ಪತ್ರಿಕೆಗಳಲ್ಲಿ ಬರೆಯುವವರು ಇದನ್ನು ಮೆಚ್ಚಲಿಲ್ಲ. ಮೆಚ್ಚದಿದ್ದುದಕ್ಕೆ ಕಾರಣಗಳೂ ಸರಿಯಾಗಿಯೇ ಇದ್ದವು. ತುರ್ತು ಪರಿಸ್ಥಿತಿ ಬಂದು ಐದು ವಾರ ಮಾತ್ರ ಆಗಿತ್ತು; 20 ಅಂಶಗಳ ಜಪ ಎಲ್ಲ ಕಡೆಯೂ ನಡೆದಿತ್ತು. ಪಟ್ಟಣದಲ್ಲಿ ಕುಳಿತವರು ಹಳ್ಳಿಯನ್ನು ಊಹಿಸಿ ಹಳ್ಳಿಗೆ ಬುದ್ಧಿ ಹೇಳುವುದು ಯಾವ ಕಾಲದಲ್ಲಿಯೂ ಸುಂದರವಾದ ಕಲೆಯಲ್ಲ.

ನಮ್ಮೂರಿಗೂ ನಮ್ಮದೇ ವಿಮರ್ಶಕರಿದ್ದರು. ದೊಡ್ಡಾಟ ಕಲಿಸುವ ಮಾಸ್ತರರೊಬ್ಬರು ಮೂರು ದಿನ ನೋಡಿ ನಾಲ್ಕನೆಯ ದಿನ ಎದ್ದುಹೋದರು. "ಏನ್ರಿ ಇದು? ಕಿರೀಟಿಲ್ಲ, ಕುಣಿತಿಲ್ಲ. ಅರ್ಧ ತಾಸಿನ್ಯಾಗ ಸಾಯ್ತಾರ, ಅರ್ಧ ತಾಸಿನ್ಯಾಗ ಬದಕ್ತಾರ. ನಮ್ಮ ಆಟದಾಗ ರಾಕ್ಷಸ ಸಾಯಬೇಕಾದ್ರ ನಸುಕಾಗಬೇಕು" ಎಂದರು. ಈ ವಿಮರ್ಶೆಯನ್ನು ಮೀರಿಸುವ ಮಾತನ್ನು ನಾನು ಆಮೇಲೆ ಯಾವ ಪತ್ರಿಕೆಯಲ್ಲೂ ಓದಿಲ್ಲ. ಮೊದಲ ದಿನಗಳಲ್ಲಿ ಶಾಲೆಯ ಅಂಗಳ ಜಾತ್ರೆಯಾಗಿತ್ತು. ಓಣಿ ಓಣಿಯವರು ತಮ್ಮ ತಮ್ಮ ಅಂತರವನ್ನು ಕಾಯ್ದುಕೊಂಡೇ ಕುಳಿತರು. ಆ ವಿಷಯದಲ್ಲಿ ಟೆಲಿವಿಷನ್ ಯಾವ ಪವಾಡವನ್ನೂ ಮಾಡಲಿಲ್ಲ. ದೀಪಾವಳಿಯ ಹೊತ್ತಿಗೆ ಗಂಡಸರು ಕರಗಿ ಮತ್ತೆ ಕಟ್ಟೆಗೆ ಮರಳಿದರು. ಉಳಿದವರು ಮಕ್ಕಳು, ಮುದುಕರು ಮತ್ತು ಹೆಂಗಸರು.

ಆ ಹೆಂಗಸರಲ್ಲಿ ನಮ್ಮ ದೊಡ್ಡವ್ವ ಒಬ್ಬಳು.

ದೊಡ್ಡವ್ವ ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳು. ಆಟಕ್ಕೆ, ಕಂಪನಿ ನಾಟಕಕ್ಕೆ, ಸಿನೆಮಕ್ಕೆ ಹೋದವಳಲ್ಲ. ಹೋಗುವುದು ಸಲ್ಲದೆಂದು ಅವಳೇ ತೀರ್ಮಾನಿಸಿದ್ದಳು. ಆದರೆ ಶಾಲೆಗೆ ಹೋಗುವುದಕ್ಕೆ ಯಾವ ಶಾಸ್ತ್ರವೂ ಅಡ್ಡಬರಲಿಲ್ಲ. ಕೈಯಲ್ಲಿ ಕಂದೀಲು ಹಿಡಿಸಿಕೊಂಡು ನನ್ನನ್ನು ಮುಂದೆ ಮಾಡಿ ಹೊರಡುವಳು. ನನಗಾಗ ಹತ್ತು ವರ್ಷ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ನಾಟಕಗಳು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ನಾಟಕಗಳು. ಆದರೆ ನಟರು ಬೆರಳೆಣಿಕೆಯವರು. ಸೋಮವಾರ ಅತಿಸಾರದ ನಾಟಕದಲ್ಲಿ ಸೊಸೆಯಾದವಳು ಮುಂದಿನ ವಾರ ಬಾವಿಯ ನಾಟಕದಲ್ಲಿ ನೆರೆಮನೆಯವಳಾಗಿ ಬರುವಳು. ದೊಡ್ಡವ್ವ ಇದನ್ನು ಒಪ್ಪಲೇ ಇಲ್ಲ. ಅವಳ ಲೆಕ್ಕದಲ್ಲಿ ಅವಳು ಅವಳೇ. ಹೋದ ವಾರ ಕೂಸಿಗೆ ಬೇನೆಯಾಗಿತ್ತು, ಈಗ ಅತ್ತೆಯ ಕಾಟ ತಡೆಯದೆ ಬೇರೆ ಮನೆ ಮಾಡಿದ್ದಾಳೆ, ಅಷ್ಟೆ. ಸತ್ತ ಮುದುಕ ಮತ್ತೆ ಕಾಣಿಸಿಕೊಂಡರೆ ಅವನು ಸತ್ತವನ ತಮ್ಮ. ಹೀಗೆ ಬಿಡಿಬಿಡಿಯಾಗಿ ಬಿದ್ದದ್ದನ್ನೆಲ್ಲ ಪೋಣಿಸಿ ಅವಳು ಒಂದು ದೊಡ್ಡ ಕತೆ ಮಾಡಿದಳು. ಹೈದರಾಬಾದಿನವರಿಗೆ ತಾವೊಂದು ಧಾರಾವಾಹಿ ಮಾಡುತ್ತಿದ್ದೇವೆಂಬುದೇ ತಿಳಿದಿರಲಾರದು.

ಮನೆಯಲ್ಲಿ ಇನ್ನೊಂದು ನಾಟಕ ನಡೆದಿತ್ತು. 1972ರ ಬರದಲ್ಲಿ ಎತ್ತು ಮಾರಿದರು, ಆಮೇಲೆ ಸೊಸೆಯ ಬಳೆ ಮಾರಿದರು, ಆಮೇಲೆ ಮಗ ಮುಂಬಯಿಗೆ ಹೋದ. ಹೋದವನಿಂದ ಮೊದಲು ತಿಂಗಳಿಗೊಂದು ಮನಿಯಾರ್ಡರು, ಆಮೇಲೆ ಹಬ್ಬಕ್ಕೊಂದು. ಬಳೆಯ ಮಾತೆತ್ತಿ ಅವನನ್ನು ಮನೆ ಬಿಡಿಸಿದವಳು ಸೊಸೆಯೆಂದು ದೊಡ್ಡವ್ವನ ನಂಬಿಕೆ. ಬಳೆ ಬಿಚ್ಚಿಸಿಕೊಂಡು ಅವನ ಮೋರೆ ತಗ್ಗಿಸಿದವಳು ಅತ್ತೆಯೆಂದು ವೈನಿಯ ನಂಬಿಕೆ. ಇಬ್ಬರೂ ಒಂದೇ ಒಲೆಯ ಮುಂದೆ ಎರಡು ವರ್ಷ ಮಾತಿಲ್ಲದೆ ಕಳೆದಿದ್ದರು. ಮಾತೆಲ್ಲ ನನ್ನ ಮೂಲಕ. "ತಮ್ಮಾ, ರೊಟ್ಟಿ ಸೀದಾವ ಅಂತ ಹೇಳಾಕೀಗೆ" ಎಂದು ದೊಡ್ಡವ್ವ ಮೂರು ಮೊಳ ದೂರದಲ್ಲಿ ಕುಳಿತ ಸೊಸೆಯ ಬಗ್ಗೆ ಹೇಳುವಳು. "ಕಟಗಿ ಹಸಿ ಅದಾವ ಅಂತ ಹೇಳು" ಎಂದು ಉತ್ತರ ಬರುವುದು. ಎರಡೂ ಎಲ್ಲರಿಗೂ ಕೇಳಿಸಿದ್ದರೂ ನಾನು ಮತ್ತೊಮ್ಮೆ ಹೇಳಬೇಕು. ಉಪಗ್ರಹದ ಕೆಲಸವೇ ಅದು.

ವೈನಿಗೆ ಟೆಲಿವಿಷನ್ನಿಗೆ ಬರುವ ಯೋಗವಿರಲಿಲ್ಲ. ಸಂಜೆಯ ಹೊತ್ತು ರೊಟ್ಟಿ ಬಡಿಯುವ ಹೊತ್ತು. ಒಂದು ರಾತ್ರಿ, ಚಳಿಗಾಲವಿರಬೇಕು, ಮನೆಗೆ ಬಂದ ದೊಡ್ಡವ್ವ ಹೊದಿಕೆ ಕೊಡವುತ್ತ ಅಂದಿನ ಕತೆಯನ್ನು ನನಗೆ ಹೇಳತೊಡಗಿದಳು. ನಾನು ಅವಳ ಮಗ್ಗುಲಲ್ಲೇ ಕುಳಿತು ಎಲ್ಲವನ್ನೂ ನೋಡಿದ್ದೆ. ಹಾಗೆಂದೆ ಕೂಡ. "ಬಾಯ್ಮುಚ್ಚಿ ಕೇಳು" ಎಂದಳು. ದನಿ ಮಾತ್ರ ನನಗೆ ಬೇಕಾದುದಕ್ಕಿಂತ ಹೆಚ್ಚು ದೊಡ್ಡದಾಗಿತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಮರುದಿನವೂ ಹಾಗೆಯೇ. ನಾಲ್ಕೈದು ದಿನವಾದ ಮೇಲೆ ಒಳಗಿನಿಂದ, "ತಮ್ಮಾ, ಆ ಹುಡುಗಿ ತವರಿಗಿ ಹೋದ್ಳಂತೇನು ಕೇಳು" ಎಂದು ಬಂತು. ನಾನು ಕೇಳುವ ಮೊದಲೇ ದೊಡ್ಡವ್ವ, "ಯಾಕ್ ಹೋಗ್ತಾಳ? ಹೋದ್ರ ಮನಿ ಯಾರು ನೋಡ್ಕೋತಾರ?" ಎಂದಳು. ಎಂದವಳು ನನ್ನ ಕಡೆ ನೋಡಿರಲಿಲ್ಲ. ಯುಗಾದಿಯ ಹೊತ್ತಿಗೆ ನನಗೆ ಕೆಲಸ ತಪ್ಪಿತ್ತು.

ಅವರ ಮಾತೆಲ್ಲ ಆ ತೆರೆಯ ಸೊಸೆಯ ಮೇಲೆಯೇ. ಅವಳ ಗಂಡ ಸಾಲ ಮಾಡಿದ್ದು ತಪ್ಪೋ ಸರಿಯೋ, ಅತ್ತೆ ಹಾಗೆ ಅನ್ನಬಹುದಾಗಿತ್ತೆ, ಸೊಸೆಯಾದರೂ ಅಷ್ಟು ಸೆಡವು ಮಾಡಬೇಕಿತ್ತೆ. ಒಮ್ಮೆ ವೈನಿ, "ಅತ್ತೀದೂ ಏನ್ ತಪ್ಪಿಲ್ಲ ಬಿಡ್ರಿ, ಆಕೀಗೂ ಒಬ್ನೇ ಮಗ" ಎಂದಳು. ದೊಡ್ಡವ್ವ ಬಹಳ ಹೊತ್ತು ಏನೂ ಹೇಳದೆ ಕುಳಿತು, ಆಮೇಲೆ "ಆ ಹುಡುಗಿ ಕೈಯಾಗ ಬಳಿನೇ ಇರಲ್ಲ ನೋಡು, ನೋಡಾಕ ಆಗಲ್ಲ" ಎಂದಳು. ತೆರೆಯ ಹುಡುಗಿಯ ಕೈತುಂಬ ಬಳೆ ಇದ್ದದ್ದನ್ನು ನಾನು ಕಂಡಿದ್ದೆ. ಆ ಹೊತ್ತಿಗೆ ಬಾಯಿ ಮುಚ್ಚಿರುವುದನ್ನು ಕಲಿತಿದ್ದೆ.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹ ಸಾಲದ ಸಾಮಾನು. ಒಪ್ಪಂದದ ವರ್ಷ ತುಂಬಿದೊಡನೆ ಅದನ್ನು ಮತ್ತೆ ಪಶ್ಚಿಮಕ್ಕೆ ಸರಿಸಿಕೊಂಡು ಹೋದರು. ನಮ್ಮ ಮಾಸ್ತರರು ಸೆಟ್ಟಿನ ಪೆಟ್ಟಿಗೆಗೆ ಬೀಗ ಹಾಕಿ, ಮೇಲೆ ಗೋಣಿತಟ್ಟು ಹೊದಿಸಿದರು. ಊರು ಅತ್ತು ಕರೆದು ಮಾಡಲಿಲ್ಲ. ಆ ವರ್ಷದ ಬಗ್ಗೆ ಪಂಡಿತರು ಬರೆದ ವರದಿಗಳನ್ನು ಆಮೇಲೆ ನಾನು ಓದಿದ್ದೇನೆ. ಜನ ಮನರಂಜನೆಯ ಕಾರ್ಯಕ್ರಮಗಳಿಗಿಂತ ನೇರವಾಗಿ ತಿಳಿವಳಿಕೆ ಕೊಡುವವನ್ನೇ ಮೆಚ್ಚಿದರಂತೆ; ಆರೋಗ್ಯದ ಸಂಗತಿಗಳನ್ನು ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ಕಲಿತರಂತೆ. ಇರಬಹುದು. ನಾಟಕಗಳಿಗೆ ಅಲ್ಲಿಯೂ ಅಂಕ ಕಡಿಮೆಯೇ. ನಮ್ಮ ಮನೆಗೆ ಪ್ರಶ್ನೆಪಟ್ಟಿ ಹಿಡಿದುಕೊಂಡು ಯಾರೂ ಬರಲಿಲ್ಲ. ಬಂದಿದ್ದರೂ ದೊಡ್ಡವ್ವ ಅತಿಸಾರಕ್ಕೆ ಏನು ಕೊಡಬೇಕೆಂದು ಹೇಳುತ್ತಿದ್ದಳೇ ಹೊರತು ಉಳಿದದ್ದನ್ನು ಹೇಳುತ್ತಿರಲಿಲ್ಲ.

ಆಗಸ್ಟ್ ತಿಂಗಳ ಮೊದಲ ದಿನ ಸಂಜೆ ಹೊತ್ತಿಗೆ ದೊಡ್ಡವ್ವ ಅಭ್ಯಾಸಬಲದಿಂದ ಎದ್ದು ಹೊದಿಕೆ ಹೊದ್ದಳು. ಶಾಲೆಯ ತನಕ ಹೋಗಿ, ಬೀಗ ನೋಡಿ, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬಂದೆವು. ಮನೆಯಲ್ಲಿ ವೈನಿ, "ಇವತ್ತೇನಾಯ್ತ್ರಿ ಅತ್ತಿ?" ಎಂದಳು. ಶಾಲೆಯ ಪಕ್ಕದ ಬಾವಿಯಿಂದಲೇ ದಿನಕ್ಕೆ ನಾಲ್ಕು ಕೊಡ ನೀರು ತರುವವಳು ಅವಳು. ಬೀಗ ಬಿದ್ದದ್ದು ನಮಗಿಂತ ಮೊದಲು ಅವಳಿಗೆ ಗೊತ್ತು. ದೊಡ್ಡವ್ವ ಕಾಲು ತೊಳೆದು ಬಂದು ಕುಳಿತು, ಏನೂ ಆಗದವಳಂತೆ ಅಂದಿನ ಕತೆ ಶುರು ಮಾಡಿದಳು.

ಆ ಧಾರಾವಾಹಿ ಇನ್ನೂ ಎರಡು ಮಳೆಗಾಲ ನಡೆಯಿತು. ಉಪಗ್ರಹ ಹೋದ ಮೇಲೆ ಕತೆ ಬಹಳ ಸುಧಾರಿಸಿತೆಂದೇ ನನ್ನ ಅಭಿಪ್ರಾಯ. ಗ್ರಾಮಸೇವಕ ಬರುವುದು ನಿಂತುಹೋಯಿತು. ಗೊಬ್ಬರದ ಮಾತು ನಿಂತಿತು. ತುಟಿಗೂ ಮಾತಿಗೂ ಹೊಂದಿಕೆಯಾಯಿತು. ಗಂಡ ದೂರದ ಊರಿಗೆ ಹೋದ. ಅತ್ತೆ ಸೊಸೆ ಸೇರಿ ತೊಗರಿ ಬಿತ್ತಿದರು. ಒಂದು ವರ್ಷ ಮಳೆ ಕೈಕೊಟ್ಟಿತು, ಒಂದು ವರ್ಷ ಕೈಹಿಡಿಯಿತು. ಅವನು ಹಿಂದಿರುಗುವ ಸಂಗತಿಯನ್ನು ದೊಡ್ಡವ್ವ ಎಷ್ಟು ದಿನವಾದರೂ ಹೇಳಲಿಲ್ಲ, ವೈನಿ ಕೇಳಲೂ ಇಲ್ಲ.

ಅಣ್ಣ 1978ರಲ್ಲಿ ಬಂದ. ವಾಡಿಯ ಸಿಮೆಂಟಿನ ಕಡೆ ಕೆಲಸ ಹಿಡಿದು, ಕೆಲವು ವರ್ಷಗಳಲ್ಲಿ ಅಲ್ಲೇ ಮನೆ ಮಾಡಿದ. ಅಷ್ಟರಲ್ಲಿ, 1977ರಲ್ಲಿಯೇ, ಗುಲಬರ್ಗಕ್ಕೆ ದೂರದರ್ಶನದ ಗೋಪುರವೂ ಬಂದಿತ್ತು. 1984ರ ಜುಲೈಯಲ್ಲಿ ದಿಲ್ಲಿಯಿಂದ 'ಹಮ್ ಲೋಗ್' ಶುರುವಾದಾಗ ವಾಡಿಯಲ್ಲಿ ಅವರ ನೆರೆಮನೆಯಲ್ಲಿ ಸೆಟ್ಟಿತ್ತು. ಅದಕ್ಕೂ ಮೊದಮೊದಲು ವಿಮರ್ಶಕರು ಮೂಗು ಮುರಿದರು. ಕುಟುಂಬಯೋಜನೆಯ ಉಪದೇಶ ಅತಿಯಾಯಿತೆಂದರು. ಮಾಡಿದವರು ಉಪದೇಶ ತಗ್ಗಿಸಿ ಮನೆಯ ಜಗಳ ಹೆಚ್ಚಿಸಿದ ಮೇಲೆ ದೇಶವೆಲ್ಲ ಅದಕ್ಕೆ ಅಂಟಿಕೊಂಡಿತು. ದೊಡ್ಡವ್ವನ ಕೈಯಲ್ಲಿ ಕೊಟ್ಟಿದ್ದರೆ ಎಂಟು ವರ್ಷ ಹಿಂದೆಯೇ ಹೇಳಿಬಿಡುತ್ತಿದ್ದಳು.

ಆ ಹೊತ್ತಿಗೆ ದೊಡ್ಡವ್ವನ ಕಣ್ಣು ಮಂಜಾಗಿತ್ತು. ನೆರೆಮನೆಯ ಮೆಟ್ಟಿಲು ಹತ್ತುವುದು ಆಗುತ್ತಿರಲಿಲ್ಲ. ವೈನಿ ಹೋಗಿ ನೋಡಿ ಬರುವಳು. ರಜೆಯಲ್ಲಿ ನಾನೊಮ್ಮೆ ವಾಡಿಗೆ ಹೋದಾಗ, ರೈಲಿನ ಸದ್ದಿನ ನಡುವೆ, ವೈನಿ ಅಂದಿನ ಕಂತನ್ನು ಬಾಗಿಲಲ್ಲಿ ಕುಳಿತು ಹೇಳುತ್ತಿದ್ದಳು. ನಾಲ್ಕು ಮಾತು ಆಗಿರಲಿಲ್ಲ, ದೊಡ್ಡವ್ವ ಕೈಯೆತ್ತಿ ತಡೆದಳು.

"ಹಂಗಲ್ಲ ಬಿಡು ಅದು. ಆ ದೊಡ್ಡಾಕಿ ಮನಸಿನ್ಯಾಗ ಬ್ಯಾರೆ ಅದ. ನಾ ಹೇಳ್ತೀನಿ ಕೇಳು."

ವೈನಿ ಸೆರಗು ಸರಿಮಾಡಿಕೊಂಡು ಹತ್ತಿರ ಸರಿದು ಕುಳಿತಳು.